ನೆಲಗಪ್ಪೆಯ ಮೊಟ್ಟೆಯಲ್ಲಿ ಚರ್ಮ, ನರ, ಕರುಳು ಮೂಡುವುದನ್ನು ನೋಡುವುದು ಹೇಗೆ?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರದ ಕಡೆ ರಾತ್ರಿಯೆಲ್ಲ ಕಪ್ಪೆಗಳದ್ದೇ ಗದ್ದಲ. ಬೆಳಗಾಗುವಾಗ ಗದ್ದೆಯ ಅಂಚಿನ ಹೊಂಡಗಳಲ್ಲಿ ಮೊಟ್ಟೆ ತೇಲುತ್ತಿರುತ್ತವೆ. ಮಕ್ಕಳು ಅವನ್ನು ಹೆಕ್ಕಿ ತಂದು ಗೊದಮೊಟ್ಟೆ ಹೊರಬರಲಿ ಎಂದು ಕಾಯುತ್ತಾರೆ. ಆದರೆ ಆಟದ ಮುಕ್ಕಾಲು ಭಾಗ ಅಷ್ಟರಲ್ಲಿ ಮುಗಿದಿರುತ್ತದೆ. ಯಾವ ಕೋಶ ಚರ್ಮವಾಗಬೇಕು, ಯಾವುದು ನರ, ಯಾವುದು ಕರುಳು ಎಂಬುದು ಮೊದಲ ಒಂದು ದಿನದೊಳಗೇ ಬಹುಪಾಲು ನಿಗದಿಯಾಗುತ್ತದೆ. ಅದನ್ನು ನೋಡಬೇಕೆಂದರೆ ಒಂದು ರಾತ್ರಿ ನಿದ್ದೆ ಬಿಡಬೇಕು.

ಏನೇನು ಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಟಾರ್ಚ್, ಅಗಲ ಬಾಯಿಯ ಗಾಜಿನ ಬಟ್ಟಲು, ಅದರ ಅಡಿಗೆ ಇಡಲು ಸಣ್ಣ ಕನ್ನಡಿ. ಕನ್ನಡಿ ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ನೆಲಗಪ್ಪೆಯ ಮೊಟ್ಟೆಯೇ ಒಳ್ಳೆಯದು. ಹುಲ್ಲಿಗೆ ಸುತ್ತಿಕೊಂಡ ಲೋಳೆಯ ಉದ್ದ ದಾರ, ಒಳಗೆ ಸಾಲಾಗಿ ಕಪ್ಪು ಮೊಟ್ಟೆ. ಗುರುತು ತಪ್ಪುವುದಿಲ್ಲ. ಸಿಮೆಂಟ್ ಟಾಂಕಿಯ ಗೋಡೆಗೆ ಮರಗಪ್ಪೆ ಕಟ್ಟಿದ ಬಿಳಿ ನೊರೆಯನ್ನು ಕೀಳಬೇಡಿ, ಒಳಗಿನ ಮೊಟ್ಟೆ ಒಣಗಿ ಹೋಗುತ್ತದೆ. ಕಾಡಿನೊಳಗಿನ ಮೊಟ್ಟೆಯನ್ನಂತೂ ಮುಟ್ಟುವುದೇ ಬೇಡ. ಮೊಟ್ಟೆಗೆ ಕೆಸರು ಮೆತ್ತುವ ಕುಂಬಾರ ಕಪ್ಪೆ ನಮ್ಮ ಕತ್ತಲೆಕಾನಿನ ಕಾಡಿನಲ್ಲೇ ಇದೆ. ಅದಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದೇ 2014ರಲ್ಲಿ. ಅದನ್ನು ದೂರದಿಂದ ನೋಡಿದರೆ ಸಾಕು.

ಗೇಣುದ್ದದ ದಾರ ತನ್ನಿ, ಜಾಸ್ತಿ ಬೇಡ. ನೀರೂ ಅದೇ ಹೊಂಡದ್ದಿರಲಿ. ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರು ಆಗುವುದಿಲ್ಲ. ತೋಟಕ್ಕೆ ಬೋರ್ಡೋ ಹೊಡೆಯುವ ಕಾಲವಾದ್ದರಿಂದ ತೋಟದ ಕಾಲುವೆಯ ನೀರನ್ನೂ ತರಬೇಡಿ. ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತದಲ್ಲಿರುವ ತಾಮ್ರ ಭ್ರೂಣಕ್ಕೆ ವಿಷ. ನೆಲಗಪ್ಪೆಯ ಮೊಟ್ಟೆಯಲ್ಲೂ ವಿಷವಿದೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಮೊದಲ ರಾತ್ರಿ

ಹೆಣ್ಣಿನ ಬೆನ್ನ ಮೇಲೆ ಗಂಡು ಕೂತ ಜೋಡಿ ಕಂಡರೆ ದೂರದಲ್ಲೇ ನಿಂತು ಕಾಯಿರಿ. ಮೊಟ್ಟೆ ಹೊರಬಂದ ಹಾಗೇ ಗಂಡು ಅದನ್ನು ಫಲಿತಗೊಳಿಸುತ್ತದೆ. ಜೋಡಿ ಹೋದ ಮೇಲೆ ದಾರದ ತುಂಡು ತೆಗೆದುಕೊಂಡು ಗಂಟೆ ಬರೆದಿಟ್ಟುಕೊಳ್ಳಿ. ಅಂದಾಜಿಗೆ ಪ್ರಯೋಗಾಲಯಗಳಲ್ಲಿ ಸಾಕುವ ಆಫ್ರಿಕಾದ ಕ್ಸೆನೋಪಸ್ ಕಪ್ಪೆಯ ಲೆಕ್ಕ ಹಿಡಿಯಬಹುದು. 23 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದರ ಮೊಟ್ಟೆ ಸುಮಾರು 90 ನಿಮಿಷಕ್ಕೆ ಎರಡಾಗುತ್ತದೆ. ಆಮೇಲೆ ಹೆಚ್ಚುಕಡಿಮೆ ಅರ್ಧ ಗಂಟೆಗೊಂದು ಸೀಳು. ನೆಲಗಪ್ಪೆಯದ್ದು ಸ್ವಲ್ಪ ಹಿಂದೆ ಮುಂದೆ ಆಗಬಹುದು, ಕ್ರಮ ಮಾತ್ರ ಅದೇ.

ಗಮನಿಸಿ, ಕೋಶಗಳ ಸಂಖ್ಯೆ ಏರುತ್ತದೆ, ಆದರೆ ಮೊಟ್ಟೆ ದೊಡ್ಡದಾಗುವುದಿಲ್ಲ. ಇದ್ದದ್ದನ್ನೇ ಪಾಲು ಮಾಡುತ್ತಾ ಹೋಗುವುದು ಅಷ್ಟೆ. ಮೇಲಿನ ಕಪ್ಪು ಭಾಗದ ಕೋಶಗಳು ಸಣ್ಣವು. ಕೆಳಗೆ ಬಂಡಾರ, ಅಂದರೆ ಭ್ರೂಣಕ್ಕೆ ಆಹಾರವಾಗುವ ಹಳದಿ, ತುಂಬಿದ್ದರಿಂದ ಅಲ್ಲಿ ಸೀಳು ನಿಧಾನ, ಕೋಶಗಳು ದೊಡ್ಡವು.

ಲೆನ್ಸಿಗೆ ಕಾಣದ ಕೆಲಸವೂ ಈಗಲೇ ಆಗುತ್ತಿರುತ್ತದೆ. ವೀರ್ಯಾಣು ಹೊಕ್ಕ ಮೇಲೆ ಮೊಟ್ಟೆಯ ಹೊರಪೊರೆ ಸುಮಾರು 30 ಡಿಗ್ರಿ ತಿರುಗುತ್ತದೆ. ಹೊಕ್ಕ ಜಾಗದ ಎದುರು ಬದಿ ಮುಂದೆ ಬೆನ್ನಾಗುತ್ತದೆ. ಕೆಳಗಿನ ಕೋಶಗಳು ತಮ್ಮ ಮೇಲಿನ ನೆರೆಯವರಿಗೆ ರಾಸಾಯನಿಕ ಸಂದೇಶ ಕಳಿಸುತ್ತವೆ. ಇದನ್ನು ನೆದರ್ಲೆಂಡ್ಸ್‌ನ ಪೀಟರ್ ನ್ಯೂಕೂಪ್ 1969ರಲ್ಲಿ ಚೆನ್ನಾಗಿ ತೋರಿಸಿದರು. ಮೇಲ್ಭಾಗದ ತುಂಡನ್ನು ಒಂಟಿಯಾಗಿ ಬೆಳೆಸಿದರೆ ಬರೀ ಚರ್ಮದಂಥ ಕೋಶಗಳು. ಅದನ್ನೇ ಕೆಳಗಿನ ಬಂಡಾರದ ತುಂಡಿಗೆ ಅಂಟಿಸಿದರೆ ಸ್ನಾಯು ಮುಂತಾದವು ಹುಟ್ಟಿದವು. ಹೊರಪದರ, ಒಳಪದರಗಳ ನಡುವೆ ಮೂರನೆಯದು ಮೂಡುವುದು ಹೀಗೆ, ಪಕ್ಕದವರ ಮಾತು ಕೇಳಿ.

ಬೆಳಗಿನ ಚಹಾದ ಹೊತ್ತಿಗೆ

ಕ್ಸೆನೋಪಸ್‌ನಲ್ಲಿ ಮೊಟ್ಟೆ ಫಲಿತವಾಗಿ ಸುಮಾರು 10 ಗಂಟೆ ಕಳೆದ ಮೇಲೆ ಕೋಶಗಳ ವಲಸೆ ಶುರು. ನಮ್ಮ ಬಟ್ಟಲಿನಲ್ಲಿ ಇದು ಬೆಳಗಿನ ಹೊತ್ತಿಗೆ ಬರುತ್ತದೆ. ಮೊಟ್ಟೆಯ ಕಪ್ಪು ಭಾಗ ಯಾವಾಗಲೂ ಮೇಲೆ, ವಲಸೆಯ ಬಾಗಿಲು ಇರುವುದು ಕೆಳಗೆ. ಕನ್ನಡಿ ಬೇಕಾಗುವುದು ಇದಕ್ಕೇ. ಬಟ್ಟಲಿನ ಅಡಿಗೆ ಕನ್ನಡಿ ಇಟ್ಟು, ಪಕ್ಕದಿಂದ ಟಾರ್ಚ್ ಹಿಡಿದು ಲೆನ್ಸಿನಲ್ಲಿ ನೋಡಿ. ಬಿಲ್ಲಿನಾಕಾರದ ಸಣ್ಣ ಮಡಿಕೆ ಕಾಣಬೇಕು. ಅದು ನಿಧಾನಕ್ಕೆ ಪೂರ್ತಿ ಉಂಗುರವಾಗುತ್ತದೆ. ಅದರ ಮೂಲಕವೇ ಹೊರಗಿನ ಕೋಶಗಳು ಒಳಗೆ ಹೋಗುತ್ತವೆ. ಒಳಹೊಕ್ಕವುಗಳಿಂದ ಮುಂದೆ ಕರುಳಿನ ಒಳಪದರ, ಯಕೃತ್ತು, ಸ್ನಾಯು, ಮೂಳೆ, ರಕ್ತ, ಹೃದಯ. ಹೊರಗೆ ಉಳಿದವುಗಳಿಂದ ಚರ್ಮ ಮತ್ತು ನರ.

ಈ ಮಡಿಕೆಯ ಮೇಲ್ತುಟಿ ಬಹಳ ಪ್ರಭಾವಿ. ಜರ್ಮನಿಯ ಹಾನ್ಸ್ ಸ್ಪೇಮನ್ ಮತ್ತು ಹಿಲ್ಡೆ ಮ್ಯಾಂಗೋಲ್ಡ್ ನ್ಯೂಟ್ ಎಂಬ ಬಾಲವಿರುವ ಉಭಯವಾಸಿಯ ಭ್ರೂಣದಿಂದ ಈ ಚೂರನ್ನು ಕತ್ತರಿಸಿ, ಇನ್ನೊಂದು ಭ್ರೂಣದ ಹೊಟ್ಟೆಯ ಬದಿಗೆ ಕೂರಿಸಿದರು. ಅಲ್ಲಿ ಎರಡನೇ ಬೆನ್ನು, ಮಿದುಳು ಮತ್ತು ಬೆನ್ನುಹುರಿಯಾಗುವ ಎರಡನೇ ನರಕೊಳವೆ ಬೆಳೆಯಿತು! ಬೇರೆ ಬಣ್ಣದ ಎರಡು ಜಾತಿಗಳನ್ನು ಆರಿಸಿದ್ದು ಅವರ ಜಾಣತನ. ಎರಡನೇ ನರಕೊಳವೆಯ ಹೆಚ್ಚಿನ ಕೋಶಗಳು ಕಸಿ ಮಾಡಿದ ಚೂರಿನದ್ದಲ್ಲ, ಆತಿಥೇಯ ಭ್ರೂಣದ್ದೇ ಎಂದು ಬಣ್ಣದಿಂದ ಗೊತ್ತಾಯಿತು. ಹೊಟ್ಟೆಯ ಚರ್ಮವಾಗಬೇಕಿದ್ದ ಕೋಶಗಳು ನರವಾಗಿದ್ದವು. ಈ ಪ್ರಬಂಧ ಬಂದದ್ದು 1924ರಲ್ಲಿ. ಅದೇ ವರ್ಷ ಹಿಲ್ಡೆ ಅಪಘಾತದಲ್ಲಿ ತೀರಿಕೊಂಡರು. 1935ರ ನೊಬೆಲ್ ಸ್ಪೇಮನ್ ಒಬ್ಬರಿಗೇ ಬಂತು.

ಆ ತುಟಿ ಏನು ಹೇಳುತ್ತದೆ? ನರವಾಗು ಎಂದು ಅಪ್ಪಣೆ ಕೊಡುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಉತ್ತರ ಸಿಕ್ಕಿದ್ದು 1990ರ ದಶಕದಲ್ಲಿ, ಅದೂ ತಿರುಗುಮುರುಗಾಗಿ. ಹೊರಪದರದ ಕೋಶಗಳಿಗೆ ಬಿಎಂಪಿ ಎಂಬ ಪ್ರೋಟೀನಿನಿಂದ ಚರ್ಮವಾಗು ಎಂಬ ಸಂದೇಶ ಬರುತ್ತಿರುತ್ತದೆ. ತುಟಿಯಿಂದ ಹೊರಡುವ ನಾಗಿನ್, ಕಾರ್ಡಿನ್ ಎಂಬ ಪ್ರೋಟೀನುಗಳು ಆ ಸಂದೇಶವನ್ನೇ ತಡೆಯುತ್ತವೆ. ತಡೆದಲ್ಲಿ ನರ, ತಡೆಯದಲ್ಲಿ ಚರ್ಮ. ಈ ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದೇ.

ಮಧ್ಯಾಹ್ನದಿಂದ ಮುಂದೆ

ಈಗ ಕನ್ನಡಿ ತೆಗೆದು ಮೇಲಿನಿಂದ ನೋಡಿ. ಬೆನ್ನಿನ ಕಡೆ ಚಪ್ಪಟೆ ಪಟ್ಟಿ ಕಾಣುತ್ತದೆ. ಬಾಳೆಲೆಯ ಎರಡೂ ಅಂಚು ಎತ್ತಿ ಸುರುಳಿ ಮಾಡಿದ ಹಾಗೆ ಪಟ್ಟಿಯ ಅಂಚುಗಳು ಎದ್ದು ನಡುವೆ ಕೂಡಿಕೊಳ್ಳುತ್ತವೆ. ಇದೇ ಮಿದುಳು ಮತ್ತು ಬೆನ್ನುಹುರಿಯಾಗುವ ಕೊಳವೆ. ಬರಿಗಣ್ಣಿಗೆ ಗೆರೆಯಷ್ಟೇ, ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತದೆ. ಅರ್ಧ ಗಂಟೆಗೊಮ್ಮೆ ಫೋಟೊ ತೆಗೆಯುತ್ತಿದ್ದರೆ ಮುಚ್ಚುವ ವೇಗ ತಿಳಿಯುತ್ತದೆ. ಅಂಚಿನಿಂದ ಕಳಚಿಕೊಂಡ ಕೆಲವು ಕೋಶಗಳು ದೂರ ಪ್ರಯಾಣ ಮಾಡಿ ಚರ್ಮದ ಬಣ್ಣದ ಕೋಶಗಳೂ ಮುಖದ ಮೃದ್ವಸ್ಥಿಯೂ ಆಗುತ್ತವೆ.

ಆಮೇಲೆ ಭ್ರೂಣ ಉದ್ದವಾಗಿ ಬಾಲ ಚಿಗುರುತ್ತದೆ, ಒಳಗೇ ಮಿಸುಕಾಡುತ್ತದೆ. ಒಂದೆರಡು ದಿನದಲ್ಲಿ ಮರಿ ಹೊರಬಂದು ಲೋಳೆಗೇ ಅಂಟಿಕೊಂಡು ಸುಮ್ನೆ ಇರುತ್ತದೆ. ಸತ್ತಿದೆ ಎಂದು ಚೆಲ್ಲಬೇಡಿ.

ಇಷ್ಟೆಲ್ಲ ಬೇರೆಬೇರೆಯಾದ ಕೋಶಗಳು ತಮ್ಮ ಜೀನ್‌ಗಳನ್ನು ಕಳೆದುಕೊಂಡಿರುತ್ತವೆಯೇ? ಇಲ್ಲ. ಇಂಗ್ಲೆಂಡಿನ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶದಿಂದ ಜೀನ್‌ಗಳಿರುವ ಕೇಂದ್ರವನ್ನು ತೆಗೆದು, ತನ್ನ ಕೇಂದ್ರ ನಾಶವಾದ ಮೊಟ್ಟೆಗೆ ಹಾಕಿದರು. ಅಂಥ ಕೆಲವು ಮೊಟ್ಟೆಗಳು ಈಜುವ ಮರಿಗಳಾದವು. ಆ ವರದಿ 1962ರದ್ದು, ನೊಬೆಲ್ ಬಂದದ್ದು 2012ರಲ್ಲಿ.

ಬಟ್ಟಲಿನಲ್ಲಿ ಬಿಳಿ ಬೂಷ್ಟು ಹಿಡಿದ ಮೊಟ್ಟೆ ಕಂಡರೆ ಕೂಡಲೇ ತೆಗೆಯಿರಿ. ಮರಿಗಳು ಈಜಲು ಶುರು ಮಾಡಿದ ಮೇಲೆ ತಂದ ಹೊಂಡಕ್ಕೇ ಬಿಡಿ. ಹೊಂಡ ಬದಲಿಸಿದರೆ ಕಪ್ಪೆಗಳ ರೋಗವನ್ನೂ ಜೊತೆಗೆ ಸಾಗಿಸಿದಂತಾದೀತು.