ದೊಡ್ಡಮ್ಮನ ಡಬ್ಬದ ಪ್ರಾಣಿಗಳು

ಕಾರವಾರದ ನಮ್ಮ ದೊಡ್ಡಮ್ಮ ಪ್ರತಿ ಚೌತಿಗೂ ಗಣಪತಿಯ ಮುಂದೆ ಹನ್ನೊಂದು ಪುಟ್ಟ ಪ್ರಾಣಿಗಳನ್ನು ಸಾಲಾಗಿ ಇಡುತ್ತಾರೆ. ನೀರಾನೆ, ಗೂಬೆ, ನರಿ, ಮೊಲ. ಎಲ್ಲವೂ ಒಂದೂವರೆ ಅಂಗುಲದ ಆಸುಪಾಸು. ಹಡಗಿನ ಕೆಲಸದಲ್ಲಿದ್ದ ದೊಡ್ಡಪ್ಪ ತಂದದ್ದು. ಅವರು ಹೋದ ಮೇಲೆ ಇವು ಎಲ್ಲಿಯವು, ಏತಕ್ಕೆ ಮಾಡಿದವು ಎಂದು ಹೇಳುವವರಿರಲಿಲ್ಲ. ಹರಕೆಯ ಗೊಂಬೆ ಎಂದರು ಒಬ್ಬರು, ಜಪಾನಿನದು ಎಂದರು ಇನ್ನೊಬ್ಬರು.

ಹರಕೆಯ ಮಾತನ್ನು ನಾನು ಮೊದಲೇ ಬಿಟ್ಟೆ. ಕುಂಬಾರರು ಕೈಯಲ್ಲಿ ತಿದ್ದಿದ ಸುಟ್ಟಮಣ್ಣಿನ ಪ್ರಾಣಿಯ ಮೇಲೆ ಬೆರಳಿನ ಗುರುತು ಉಳಿದಿರುತ್ತದೆ, ನೀರು ಬಿದ್ದರೆ ಹೀರಿಕೊಳ್ಳುತ್ತದೆ. ಇವೋ ಹೊಳಪಿನವು, ಉಗುರಿನಿಂದ ತಟ್ಟಿದರೆ ಟಿಣ್ ಎನ್ನುತ್ತಿದ್ದವು.

ಉತ್ತರ ಸಿಕ್ಕಿದ್ದು ಅಡಿಯಲ್ಲಿ. ವರ್ಷಗಳ ಕುಂಕುಮ, ಎಣ್ಣೆಜಿಡ್ಡನ್ನು ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ ಬಳಸಿ ತೆಗೆದೆ. ತಳದಲ್ಲಿ ಸಣ್ಣ ಗೀರುಸಾಲುಗಳು, ಅಂಚಿನಲ್ಲಿ ಉಬ್ಬಿದ ಅಕ್ಷರಗಳು. ಹೊಳಪಿನ ಲೇಪ ತುಂಬಿಕೊಂಡು ಓದಲಾಗುತ್ತಿರಲಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದೆ. ತೆಳುಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಮೂರನೆಯ ಗೊಂಬೆಯಲ್ಲಿ ಪೂರ್ತಿ ಮೂಡಿತು: 'ವೇಡ್, ಇಂಗ್ಲೆಂಡ್'.

ವೇಡ್ ಎಂದರೆ ಸ್ಟಾಫರ್ಡ್‌ಶೈರಿನ ಬರ್ಸ್ಲೆಮ್ ಊರಿನಲ್ಲಿದ್ದ ಪಿಂಗಾಣಿ ಕಾರ್ಖಾನೆ. ಕೈಗಾರಿಕೆಗೆ ಬೇಕಾದ ಪಿಂಗಾಣಿ ಬಿಡಿಭಾಗಗಳನ್ನು ಅಚ್ಚಿನಲ್ಲಿ ಒತ್ತಿ ತಯಾರಿಸುತ್ತಿದ್ದವರು 1950ರ ದಶಕದಲ್ಲಿ 'ವಿಮ್ಸೀಸ್' ಎಂಬ ಈ ಪುಟ್ಟ ಪ್ರಾಣಿಗಳಿಗೆ ಕೈಹಾಕಿದರು. ಬೆರಳಿನ ಗುರುತು ಏಕಿಲ್ಲ ಎಂಬುದು ಆಗ ಹೊಳೆಯಿತು.

ಆದರೆ ಹಡಗಿನವರ ಕೈಗೆ ಇವು ಬಂದದ್ದು ಹೇಗೆ? ದಾರಿ ತೋರಿಸಿದ್ದು ಒಂದು ಕಂದು ಪ್ರಾಣಿ. ಕಾಳಿ ನದಿಯ ನೀರುನಾಯಿಯನ್ನು ಕಂಡಿದ್ದ ದೊಡ್ಡಮ್ಮ ಇದನ್ನೂ ಹಾಗೆಯೇ ಕರೆಯುತ್ತಿದ್ದರು. ಬಾಲ ಚಪ್ಪಟೆಯಾಗಿತ್ತು, ಅದು ಕೆನಡಾದ ಲಾಂಛನವಾದ ಬೀವರ್ ಪ್ರಾಣಿ. ಕೆನಡಾದ ಕಡೆ ಹುಡುಕಿದೆ. ಅಲ್ಲಿ 1967ರಿಂದ ರೆಡ್ ರೋಸ್ ಚಹಾದ ಪೆಟ್ಟಿಗೆಯಲ್ಲಿ ಇವನ್ನು ಒಂದೊಂದಾಗಿ ಉಡುಗೊರೆ ಇಡುತ್ತಿದ್ದರು. ಮೊದಲ ಮಾಲೆಯಲ್ಲಿ 32 ಇದ್ದವು. ಇವೇ ಪ್ರಾಣಿಗಳಲ್ಲಿ ಹಲವು ಇಂಗ್ಲೆಂಡಿನ ಅಂಗಡಿಗಳಲ್ಲಿಯೂ ಮಾರಾಟವಾದವು. ಆದ್ದರಿಂದ ಗೊಂಬೆಯನ್ನಷ್ಟೇ ನೋಡಿ ತೀರ್ಮಾನಿಸಲು ನನಗೆ ಮನಸ್ಸಾಗಲಿಲ್ಲ.

"ದೊಡ್ಡಮ್ಮ, ದೊಡ್ಡಪ್ಪ ಚಹಾ ಏನಾದರೂ ತರುತ್ತಿದ್ದರಾ?" ಎಂದು ಕೇಳಿದೆ.

"ತರುತ್ತಿದ್ದರಲ್ಲ! ಕಾಗದದ ಚೀಲದೊಳಗಿನ ಪುಡಿ. ನಾನು ಒಂದೊಂದೇ ಚೀಲ ಕತ್ತರಿಸಿ ಪುಡಿಯನ್ನು ಡಬ್ಬಕ್ಕೆ ಸುರಿಯುತ್ತಿದ್ದೆ. ಪೆಟ್ಟಿಗೆಯ ಮೇಲೆ ಕೆಂಪು ಗುಲಾಬಿ ಇತ್ತು ನೋಡು."

ಅಂದೇ ಒಂದು ಚೀಟಿ ಬರೆದು ಪ್ರಾಣಿಗಳ ಡಬ್ಬದಲ್ಲಿ ಇಟ್ಟೆ. ದೊಡ್ಡಪ್ಪನ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯಲು ದೊಡ್ಡಮ್ಮ ಹೇಳಿದರು.