ಮಾವನ ಮರ್ಫಿ ಮತ್ತೆ ದನಿ ಎತ್ತಿದ್ದು

ವರ್ಷಗಟ್ಟಲೆ ಸುಮ್ಮನಿದ್ದ ವಾಲ್ವ್ ರೇಡಿಯೊ (ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿಂದ ನಡೆಯುವ ಹಳೆಯ ಸೆಟ್) ಕೈಗೆ ಸಿಕ್ಕರೆ, ದಯವಿಟ್ಟು ನೇರವಾಗಿ ಪ್ಲಗ್ ಹಾಕಬೇಡಿ. ಮಂಡ್ಯದ ಸೋದರಮಾವನ ಅಟ್ಟದಿಂದ ಮರ್ಫಿ ಕಂಪನಿಯ ಅಂಥದೊಂದು ಸೆಟ್ ಇಳಿಸಿದಾಗ ಮಾವ, "ಪ್ಲಗ್ ಹಾಕ್ ನೋಡ್ಲಾ, ಹಾಡಿದ್ರೂ ಹಾಡ್ತದೆ" ಅಂದರು. ನಾನು ಒಪ್ಪದೆ ಮೈಸೂರಿಗೆ ಹೊತ್ತು ತಂದೆ.

ಕಾರಣ ಇಷ್ಟೇ. ಒಳಗೆ ಮೇಣ ಮೆತ್ತಿದ ಪೇಪರ್ ಕಂಡೆನ್ಸರುಗಳಿರುತ್ತವೆ; ಡಿಸಿ (ಒಂದೇ ದಿಕ್ಕಿನ) ಕರೆಂಟನ್ನು ತಡೆಯುವ ಬಿಡಿಭಾಗಗಳಿವು. ಕಾಲಕ್ರಮೇಣ ತೇವ ಹೀರಿ ಅವು ಸೋರತೊಡಗುತ್ತವೆ, ಅಂದರೆ ತಡೆಯಬೇಕಾದ ಕರೆಂಟನ್ನು ಬಿಟ್ಟುಬಿಡುತ್ತವೆ. ಅವುಗಳಲ್ಲಿ ಒಂದು ಬಹಳ ಅಪಾಯಕಾರಿ: ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಸದ್ದನ್ನು ದಾಟಿಸುವ ಕಪ್ಲಿಂಗ್ ಕಂಡೆನ್ಸರ್. ಅದು ಸೋರಿದರೆ ಗ್ರಿಡ್‌ಗೆ ಪಾಸಿಟಿವ್ ವೋಲ್ಟೇಜ್ ಹತ್ತಿ, ಇಎಲ್84 ಎಂಬ ಆ ವಾಲ್ವ್ ಮಿತಿಮೀರಿ ಕರೆಂಟ್ ಎಳೆದು ಕೆಂಪಗೆ ಕಾಯುತ್ತದೆ. ಜೊತೆಗೆ ಟ್ರಾನ್ಸ್‌ಫಾರ್ಮರೂ ಸುಡಬಹುದು. ವಾಲ್ವ್ ಹೇಗೋ ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ. ಆ ಕಂಡೆನ್ಸರನ್ನು ಕಿತ್ತ ಮೇಲೆ ಕುತೂಹಲಕ್ಕೆ ಅದರ ಒಂದು ತುದಿಗೆ 200 ವೋಲ್ಟ್ ಡಿಸಿ ಕೊಟ್ಟು ಇನ್ನೊಂದು ತುದಿಗೆ ಮೀಟರ್ ಹಿಡಿದೆ. ಸೊನ್ನೆಗೆ ಇಳಿಯಬೇಕಿದ್ದ ಮುಳ್ಳು ಅರ್ಧದಲ್ಲೇ ನಿಂತಿತು.

ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಿಂದಲೇ ಬಾನುಲಿ ಶುರುಮಾಡಿದ ಊರು ಮೈಸೂರು. ಇಲ್ಲೀಗ ವಾಲ್ವ್ ಬಲ್ಲ ಮೆಕ್ಯಾನಿಕ್ ಸಿಗುವುದೇ ಅಪರೂಪ. ಹಾಗಾಗಿ ನಾನೇ ಕೈ ಹಾಕಿದೆ. ಪೇಪರ್ ಕಂಡೆನ್ಸರುಗಳನ್ನೆಲ್ಲ ತೆಗೆದು ಅದೇ ಕೆಪಾಸಿಟಿಯ, 630 ವೋಲ್ಟ್ ತಾಳುವ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿದೆ. ಒಂದು ಬದಲಿಸಿ, ಬೆಸುಗೆ ನೋಡಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವ ತಂತಿ ಎಲ್ಲಿಗೆ ಎಂದು ತಿಳಿಯದೆ ಪರದಾಡಬೇಕಾಗುತ್ತದೆ. ಕರೆಂಟಿನ ಏರಿಳಿತ ಸಮಮಾಡುವ ಫಿಲ್ಟರ್ ಕಂಡೆನ್ಸರಿನ ಅಲ್ಯೂಮಿನಿಯಂ ಡಬ್ಬಿಯನ್ನು ಅಂದಕ್ಕೆಂದು ಹಾಗೇ ಬಿಟ್ಟು, ತಂತಿ ಬಿಡಿಸಿ, ಷಾಸಿ ಎಂಬ ಲೋಹದ ತಟ್ಟೆಯ ಕೆಳಗೆ 450 ವೋಲ್ಟಿನ ಹೊಸ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಅಡಗಿಸಿದೆ. ಸ್ಟೇಷನ್ನುಗಳನ್ನು ಬೇರ್ಪಡಿಸುವ ಐಎಫ್ ಕಾಯಿಲುಗಳ ತಿರುಪನ್ನು ಮಾತ್ರ ಮುಟ್ಟಲಿಲ್ಲ. ಪರೀಕ್ಷೆಗೆ ಬೇಕಾದ ಸಿಗ್ನಲ್ ಹೊರಡಿಸುವ ಸಿಗ್ನಲ್ ಜನರೇಟರ್ ಇಲ್ಲದೆ ಅವನ್ನು ತಿರುಗಿಸುವುದು ಸೆಟ್ಟಿಗೆ ಮಾಡುವ ಅನ್ಯಾಯ.

ಮೊದಲ ಸಲ ಕರೆಂಟ್ ಕೊಟ್ಟಿದ್ದು 60 ವ್ಯಾಟಿನ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ರೇಡಿಯೊ ಉಳಿಯುತ್ತದೆ. ಬಲ್ಬ್ ಮಂಕಾಗಿಯೇ ಇತ್ತು. ಆಮೇಲೆ ಬಲ್ಬ್ ತೆಗೆದು ಮನೆಯ ಕರೆಂಟನ್ನೇ ನೇರವಾಗಿ ಕೊಟ್ಟೆ. ನೆನಪಿರಲಿ, ಸ್ವಿಚ್ ಆರಿಸಿದ ಮೇಲೂ ಫಿಲ್ಟರಿನಲ್ಲಿ 250 ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಕೈ ಹಾಕಬೇಕು.

ಬ್ಯಾಂಡ್ ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದಾಗ ಕರಕರ ನಿಂತಿತು. ಹಗಲಲ್ಲಿ ಮೀಡಿಯಂ ವೇವ್ ಸ್ಪಷ್ಟ, ಶಾರ್ಟ್‌ವೇವಿನಲ್ಲಿ ಬರೀ ಗೊರಗೊರ. ಅರ್ಧ ತಪ್ಪು ಮನೆಯ ಎಲ್‌ಇಡಿ ಬಲ್ಬುಗಳದ್ದು. ಅವನ್ನೆಲ್ಲ ಆರಿಸಿ, ತಾರಸಿ ಮೇಲೆ ಉದ್ದಕ್ಕೆ ತಾಮ್ರದ ತಂತಿ ಎಳೆದು ಕತ್ತಲಾದ ಮೇಲೆ ಕೂತೆ. 31 ಮೀಟರ್ ಬ್ಯಾಂಡಿನಲ್ಲಿ ಒಂದರ ಹಿಂದೊಂದು ಚೀನಿ, ಅರಬ್ಬಿ ದನಿಗಳು ಬಂದವು. 10 ಮೆಗಾಹರ್ಟ್ಸ್ ಹತ್ತಿರ ಚೀನಾದ ಸಮಯ ಕೇಂದ್ರದ ಟಿಕ್ ಟಿಕ್ ಏರುತ್ತಾ ಇಳಿಯುತ್ತಾ ಕೇಳಿಸಿತು. ಫೋನ್ ಮಾಡಿ ಮಾವನಿಗೂ ಕೇಳಿಸಿದೆ. "ಸಿಲೋನ್ ಬತ್ತದಾ?" ಅಂತ ಕೇಳಿದರು. ಆ ರೇಡಿಯೊ ಸಿಲೋನನ್ನು ಇನ್ನೂ ಹುಡುಕುತ್ತಿದ್ದೇನೆ.