ಲಿವರ್‌ಗಾಗಿ ಕಾಯುವಾಗ ಮನೆಯಲ್ಲಿ ನಾನು ಮಾಡಿದ್ದು

ಲಿವರ್ ಕಸಿಗೆ ಹೆಸರು ಬರೆಸಿ ಬಂದ ಮೇಲೆ ಇನ್ನೇನು, ಫೋನ್ ಬರುವವರೆಗೆ ಕಾಯುವುದಷ್ಟೇ ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಫೋನ್ ಬಂದ ದಿನ ರೋಗಿ ಆಪರೇಷನ್ ತಡೆದುಕೊಳ್ಳುವ ಹಾಗಿರಬೇಕು ಅಲ್ವಾ? ಅವತ್ತು ಜ್ವರವೋ ಸೋಂಕೋ ಇದ್ದರೆ ಆ ಲಿವರ್ ಬೇರೆಯವರಿಗೆ ಹೋಗುತ್ತದೆ. ನಮ್ಮ ಮನೆಯವರಿಗೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿ ಕೆಲಸ ಮಾಡದಂತಾಗುವ ಕಾಯಿಲೆ. ಅವರನ್ನು ಆ ದಿನದವರೆಗೆ ಗಟ್ಟಿಯಾಗಿ ಉಳಿಸಿಕೊಳ್ಳುವುದೇ ನನ್ನ ಕೆಲಸ ಅಂತ ತೀರ್ಮಾನ ಮಾಡಿಕೊಂಡೆ.

ಮೊದಲು ಲಿಸ್ಟಿನ ವಿಷಯ. ಮೊದಲು ಬರೆಸಿದವರಿಗೆ ಮೊದಲು ಅನ್ನುವ ಲೆಕ್ಕ ಇಲ್ಲಿಲ್ಲ. ರಕ್ತದ ಗುಂಪು ಹೊಂದಬೇಕು, ದೇಹದ ಅಳತೆ ಹೊಂದಬೇಕು, ಅದರ ಮೇಲೆ ಮೆಲ್ಡ್ ಸ್ಕೋರ್ ಅಂತ ಒಂದಿದೆ. ರಕ್ತ ಪರೀಕ್ಷೆಯ ಬಿಲಿರುಬಿನ್, ಕ್ರಿಯಾಟಿನಿನ್, ಐಎನ್ಆರ್, ಸೋಡಿಯಂ ಇಂಥವನ್ನೆಲ್ಲ ಸೇರಿಸಿ 6ರಿಂದ 40ರವರೆಗೆ ಕೊಡುವ ಅಂಕ. ಅಂಕ ಏರಿದರೆ ಸರದಿ ಹತ್ತಿರ ಬಂತು, ಆದರೆ ಏರಿದೆ ಅಂದರೆ ಇವರ ಸ್ಥಿತಿ ಕೆಟ್ಟಿದೆ ಅಂತಲೇ ಅರ್ಥ. ರಿಪೋರ್ಟ್ ಕೈಗೆ ಬಂದಾಗೆಲ್ಲ ಏರಲಿ ಅನ್ನಬೇಕೋ ಇಳಿಯಲಿ ಅನ್ನಬೇಕೋ ತಿಳಿಯುತ್ತಿರಲಿಲ್ಲ. ಕೊನೆಗೆ ಅಂಕ ಕೇಳುವುದನ್ನೇ ಬಿಟ್ಟುಬಿಟ್ಟೆ. ರಕ್ತ ಕೊಡುವ ತಾರೀಕು ಮಾತ್ರ ತಪ್ಪಿಸಲಿಲ್ಲ.

ನನ್ನನ್ನು ಜಾಸ್ತಿ ಸುಸ್ತು ಮಾಡಿದ್ದು ಈ ಕಾಯಿಲೆಯಲ್ಲಿ ಹೊಟ್ಟೆಯಲ್ಲಿ ತುಂಬಿಕೊಳ್ಳುವ ನೀರಲ್ಲ, ಇವರ ತಲೆ. ಲಿವರ್ ಶುದ್ಧ ಮಾಡಬೇಕಾದ ಅಮೋನಿಯದಂಥ ವಿಷಗಳು ರಕ್ತದಲ್ಲೇ ಉಳಿದು ಮಿದುಳಿಗೆ ಹೋಗುತ್ತವೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಒಂದು ಸರಿರಾತ್ರಿ ಎದ್ದು ಶರ್ಟ್ ಹಾಕಿಕೊಂಡು, ಗುಂಡಿಗಳನ್ನೆಲ್ಲ ಒಂದೊಂದು ಕಾಜಾ ತಪ್ಪಿಸಿ ಹಾಕಿ, 'ಆಫೀಸಿಗೆ ಹೊತ್ತಾಯ್ತು, ಬೀಗದ ಕೈ ಎಲ್ಲಿಟ್ಟೆ' ಅಂತ ನಿಂತಿದ್ದರು. 'ರೀ, ಇನ್ನೂ ಬೆಳಗಾಗಿಲ್ಲ' ಅಂದರೆ ನನ್ನ ಮೇಲೇ ರೇಗಿದರು. ಬೆಳಿಗ್ಗೆ ಕೇಳಿದರೆ ಒಂದೂ ನೆನಪಿಲ್ಲ! ರೇಗಿದ್ದು ಕಾಯಿಲೆ, ಇವರಲ್ಲ ಅಂತ ಗೊತ್ತಿದ್ದರೂ ಅಳು ಬರುತ್ತಿತ್ತು.

ಇದಕ್ಕೆ ಲ್ಯಾಕ್ಟುಲೋಸ್ ಸಿರಪ್ ಕೊಡುತ್ತಾರೆ. ಮಲಬದ್ಧತೆಯ ಔಷಧಿ ಅಂದುಕೊಂಡು ಸಲೀಸಾಗಿದೆ ಅಂತ ನಿಲ್ಲಿಸುವವರಿದ್ದಾರೆ, ನಿಲ್ಲಿಸಬೇಡಿ. ದಿನಕ್ಕೆ 2–3 ಸಲ ಮೆತ್ತಗೆ ಆಗುವಂತೆ ನೋಡಿಕೊಳ್ಳಬೇಕು ಅಂತ ಡಾಕ್ಟರು ಹೇಳಿದ್ದರು. ಕಡಿಮೆಯಾದರೆ ಮಂಕು, ತೀರಾ ಜಾಸ್ತಿಯಾದರೆ ಮೈಯ ನೀರು ಹೋಗಿ ಅದರಿಂದಲೂ ಮಂಕು. ದಿನಾ ಬೆಳಿಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಇವರಿಂದ ಹೆಸರು ಬರೆಸುತ್ತಿದ್ದೆ. ಮಂಕು ಬರುವ ಮುಂಚೆಯೇ ಅಕ್ಷರ ಕೆಡುತ್ತಿತ್ತು, ಗೆರೆ ಬಿಟ್ಟು ಕೆಳಕ್ಕೆ ಜಾರುತ್ತಿತ್ತು. ಎರಡೂ ಕೈ ಮುಂದೆ ಚಾಚಿಸಿ, 'ನಿಲ್ಲು' ಅಂತ ತೋರಿಸುವ ಹಾಗೆ ಅಂಗೈ ಮೇಲೆತ್ತಿಸಿದರೆ ಹಕ್ಕಿ ರೆಕ್ಕೆ ಬಡಿದ ಹಾಗೆ ಮಣಿಕಟ್ಟು ಪಟಪಟ ಬೀಳುತ್ತಿತ್ತು. ಅದು ಕಂಡ ಕೂಡಲೇ ಆಸ್ಪತ್ರೆಗೆ ಫೋನ್. ನಿದ್ದೆ ಬರಲ್ಲ ಅಂತ ನಿದ್ದೆ ಮಾತ್ರೆ ಕೊಡುವ ಯೋಚನೆ ಬೇಡವೇ ಬೇಡ.

ಅದೇ ನೋಟ್‌ಬುಕ್ಕಿನಲ್ಲಿ ತೂಕ. ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ತಿನ್ನುವ ಮೊದಲು. ತೂಕ ಇಳಿದಿಲ್ಲ ಅಂತ ಸಮಾಧಾನ ಪಡುವ ಹಾಗೂ ಇಲ್ಲ, ಯಾಕೆಂದರೆ ತೋಳು ತೊಡೆಯ ಮಾಂಸ ಕರಗಿದಷ್ಟೇ ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಕಾಟಾ ಏನೂ ಆಗಿಲ್ಲ ಅಂತಲೇ ತೋರಿಸುತ್ತದೆ. ನನಗೆ ಅದು ತಿಳಿದದ್ದು ಇವರ ವಾಚು ಮಣಿಕಟ್ಟಿನಿಂದ ಮೊಣಕೈವರೆಗೆ ಜಾರಿದಾಗ. ಉಪ್ಪು ಕಡಿಮೆ ಸರಿ, ಪ್ರೋಟೀನ್ ಕಡಿಮೆ ಮಾಡಿ ಅನ್ನುವುದು ಹಳೇ ಮಾತು. ಈಗ ದಿನಕ್ಕೆ ಕೆ.ಜಿ. ತೂಕಕ್ಕೆ 1.2–1.5 ಗ್ರಾಂ ಬೇಕು ಅನ್ನುತ್ತಾರೆ. ಮಲಗುವ ಮುಂಚೆ ಏನಾದರೂ ತಿನ್ನಿಸಲೇಬೇಕು. ಈ ಲಿವರ್‌ಗೆ ರಾತ್ರಿಗೆ ಬೇಕಾದಷ್ಟು ಕೂಡಿಡುವ ಶಕ್ತಿ ಇರುವುದಿಲ್ಲ, ಹಸಿದರೆ ದೇಹ ಮಾಂಸಖಂಡವನ್ನೇ ಉರಿಸಿಕೊಳ್ಳುತ್ತದೆ.

ಮೈಕೈ ನೋವು ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬಾರದು. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಜ್ವರದ ಜೊತೆ ಹೊಟ್ಟೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಇನ್ನು ನೆಂಟರ ಫೋನು. 'ಸಿಕ್ತಾ?' 'ಇನ್ನೂ ಇಲ್ವಾ?' ಒಬ್ಬರಾದ ಮೇಲೆ ಒಬ್ಬರು, ಪ್ರೀತಿಯಿಂದಲೇ. ಆಸ್ಪತ್ರೆಯ ಫೋನಿಗೆ ಕಾಯುವವಳಿಗೆ ಪ್ರತಿ ರಿಂಗೂ ಎದೆ ನಡುಗಿಸುತ್ತದೆ. ಎಲ್ಲರಿಗೂ ಸುದ್ದಿ ಹೇಳುವ ಕೆಲಸ ಮೈದುನನಿಗೆ ಒಪ್ಪಿಸಿದೆ, ವಾರಕ್ಕೊಂದು ರಾತ್ರಿಯ ಕಾವಲನ್ನೂ ಅವನಿಗೇ ಬಿಟ್ಟು ಬಾಗಿಲು ಹಾಕಿಕೊಂಡು ಮಲಗಿದೆ. ನಾಚಿಕೆ ಏನೂ ಇಲ್ಲ.

ಮೊದಲ ಸಲ ಕರೆ ಬಂದಾಗ ಹೋಗಿ ಸುಮ್ನೆ ವಾಪಸ್ ಬಂದೆವು. ದಾನಿಯ ಲಿವರ್ ತೆಗೆದು ನೋಡಿದಾಗ ಕೊಬ್ಬು ಜಾಸ್ತಿ ಇತ್ತಂತೆ. ಹೀಗಾಗುವುದುಂಟು, ಮೊದಲೇ ಹೇಳಿದ್ದರು. ಇವರು ಕಾರಿನಲ್ಲಿ 'ನನಗೆ ಹಸಿವಾಗ್ತಿದೆ' ಅಂದರು, ಬೆಳಿಗ್ಗೆಯಿಂದ ಉಪವಾಸ ಪಾಪ. ನನಗೆ ನಗು ಬಂತು. ಮುಂದಿನ ಕರೆಗೆ ಹೋದಾಗ ಆಪರೇಷನ್ ಆಯಿತು. ಆಮೇಲೆ ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆಗಳ ಕಥೆ ಇದಕ್ಕಿಂತ ಉದ್ದವಿದೆ, ಇನ್ನೊಮ್ಮೆ ಬರೆಯುತ್ತೇನೆ.